ತೆಳ್ಳಗಿರುವುದೆಲ್ಲ ಒಳ್ಳೆಯದಲ್ಲ



ಸೊಲ್ಲಾಪುರದ ಪೇಟೆಯಲ್ಲಿ ಚಾದರ ಕೊಳ್ಳುವ ತಾಯಂದಿರನ್ನು ಎಂದಾದರೂ ಗಮನಿಸಿದ್ದೀರಾ? ಅವರು ಬಣ್ಣಕ್ಕೆ ಮರುಳಾಗುವುದು ಆಮೇಲೆ. ಮೊದಲು ಚಾದರದ ಮೂಲೆಯನ್ನು ಎರಡು ಬೆರಳುಗಳ ನಡುವೆ ಹಿಡಿದು ತಿಕ್ಕಿ ನೋಡುತ್ತಾರೆ. ಮಡಿಕೆಯನ್ನು ಅಂಗೈ ಮೇಲಿಟ್ಟು ತೂಕ ಅಂದಾಜು ಮಾಡುತ್ತಾರೆ. ತಿರುಗಿಸಿ ಹಿಂಬದಿಯ ನೇಯ್ಗೆಯನ್ನೂ ನೋಡುತ್ತಾರೆ. ದಪ್ಪ ಹತ್ತಿ ನೂಲಿನ, ಜಕಾರ್ಡ್ ಮಗ್ಗದ ಆ ಚಾದರ ಎಷ್ಟು ವರ್ಷ ಬಾಳುತ್ತದೆ ಎಂಬುದು ಅವರ ಕೈಗೆ ಗೊತ್ತು. ಈ ಗುಣದಿಂದಾಗಿಯೇ ಸೊಲ್ಲಾಪುರಿ ಚಾದರ ದೇಶದೆಲ್ಲೆಡೆ ಹೆಸರು ಮಾಡಿತು. 2005-06ರ ಸಾಲಿನಲ್ಲಿ ಅದಕ್ಕೆ ಭೌಗೋಳಿಕ ಗುರುತು, ಅಂದರೆ ಜಿ.ಐ. ಮಾನ್ಯತೆಯೂ ದೊರೆಯಿತು.

ಇಷ್ಟು ಚೆನ್ನಾಗಿ ಚಾದರ ಆರಿಸಬಲ್ಲ ಅದೇ ಕುಟುಂಬ, ಚಾದರಕ್ಕಿಂತ ನೂರು ಪಟ್ಟು ಬೆಲೆ ಬಾಳುವ ಲ್ಯಾಪ್‌ಟಾಪ್ ಕೊಳ್ಳಲು ಹೋದಾಗ ಏನಾಗುತ್ತದೆ? ಅಂಗಡಿಯ ಹುಡುಗ ಯಂತ್ರವನ್ನು ಒಂದೇ ಕೈಯಲ್ಲಿ ಎತ್ತಿ, ಅಂಚನ್ನು ತೋರಿಸಿ, "ನೋಡ್ರಿ, ಎಷ್ಟ್ ಸ್ಲಿಮ್ ಅದ!" ಎನ್ನುತ್ತಾನೆ. ನಾವು ತಲೆದೂಗುತ್ತೇವೆ. ಒಳಗೆ ಏನಿದೆ, ಏನಿಲ್ಲ, ಕೆಟ್ಟರೆ ಯಾರು ಬಿಚ್ಚುತ್ತಾರೆ ಎಂದು ಕೇಳುವುದಿಲ್ಲ. ಮಕ್ಕಳ ಓದಿಗಾಗಿ ಸಾಲ ಮಾಡಿ ಲ್ಯಾಪ್‌ಟಾಪ್ ತರುವ ಮನೆಗಳು ನಮ್ಮಲ್ಲಿ ಹೆಚ್ಚುತ್ತಿರುವುದರಿಂದ, ಈ ಸಲ ಈ ವಿಷಯವನ್ನೇ ಸ್ವಲ್ಪ ಬಿಡಿಸಿ ಹೇಳೋಣವೆಂದು ಕುಳಿತಿದ್ದೇನೆ.

ಲಕೋಟೆಯಿಂದ ಹೊರಬಂದ ಯಂತ್ರ

ತೆಳುವಿನ ಈ ಹುಚ್ಚು ಎಲ್ಲಿಂದ ಬಂತು? 2008ರ ಜನವರಿಯಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ವೇದಿಕೆಯ ಮೇಲೆ ಒಂದು ಕಚೇರಿ ಲಕೋಟೆ ಹಿಡಿದು ನಿಂತರು. ಅದರೊಳಗಿಂದ ಅವರು ಹೊರತೆಗೆದದ್ದು ಕಾಗದವನ್ನಲ್ಲ, ಒಂದು ಲ್ಯಾಪ್‌ಟಾಪನ್ನು! ಅದೇ ಮೊದಲ ಮ್ಯಾಕ್‌ಬುಕ್ ಏರ್. ಸಭೆ ಚಪ್ಪಾಳೆ ತಟ್ಟಿತು, ಜಗತ್ತು ಬೆರಗಾಯಿತು.

ಆದರೆ ಆ ಬೆರಗಿಗೆ ತೆತ್ತ ಬೆಲೆಯನ್ನೂ ನೋಡಬೇಕು. ಆ ಯಂತ್ರದಲ್ಲಿ ಸಿ.ಡಿ. ಹಾಕುವ ಜಾಗವಿರಲಿಲ್ಲ. ಇಂಟರ್ನೆಟ್ ತಂತಿ ಸಿಕ್ಕಿಸುವ ಜಾಗವಿರಲಿಲ್ಲ. ಪೆನ್ ಡ್ರೈವ್ ಹಾಕಲು ಇದ್ದದ್ದು ಒಂದೇ ಒಂದು ಕಿಂಡಿ. ಬ್ಯಾಟರಿಯನ್ನು ಬಳಕೆದಾರ ತಾನೇ ತೆಗೆಯುವಂತಿರಲಿಲ್ಲ. ರ‍್ಯಾಮ್ ಎಂಬ ನೆನಪಿನ ಚಿಪ್ಪನ್ನು ಬೋರ್ಡಿಗೆ ಬೆಸೆದುಬಿಟ್ಟಿದ್ದರು. ಇನ್ನೊಂದು ಸ್ವಾರಸ್ಯವೆಂದರೆ ಅದರ ತೆಳುವಾದ ತುದಿ ಸುಮಾರು 4 ಮಿ.ಮೀ. ಇತ್ತು, ದಪ್ಪ ತುದಿ 19.4 ಮಿ.ಮೀ. ಇತ್ತು. ಕಣ್ಣಿಗೆ ಬಿದ್ದದ್ದು ತೆಳುವಾದ ತುದಿ. ಇಂದಿಗೂ ಜಾಹೀರಾತಿನ ಫೋಟೋಗಳಲ್ಲಿ ಲ್ಯಾಪ್‌ಟಾಪಿನ ಯಾವ ಬದಿಯನ್ನು ನಮ್ಮತ್ತ ತಿರುಗಿಸಿರುತ್ತಾರೆ ಎಂಬುದನ್ನು ಗಮನಿಸಿ ನೋಡಿ!

2011ರಲ್ಲಿ ಇಂಟೆಲ್ ಕಂಪನಿ 'ಅಲ್ಟ್ರಾಬುಕ್' ಎಂಬ ಹೊಸ ಹೆಸರನ್ನು ಹುಟ್ಟುಹಾಕಿತು. ಲ್ಯಾಪ್‌ಟಾಪುಗಳು ಸುಮಾರು 20 ಮಿ.ಮೀ.ಗಿಂತ ತೆಳ್ಳಗಿರಬೇಕೆಂದು ಹೇಳಿತು. ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. 2015ರಲ್ಲಿ ಆಪಲ್ ಕೇವಲ 13.1 ಮಿ.ಮೀ. ದಪ್ಪದ ಮ್ಯಾಕ್‌ಬುಕ್ ತಂದಿತು. ಚಾರ್ಜ್ ಮಾಡಲು, ಪೆನ್ ಡ್ರೈವ್ ಹಾಕಲು, ಪರದೆಗೆ ಜೋಡಿಸಲು ಎಲ್ಲಕ್ಕೂ ಸೇರಿ ಅದರಲ್ಲಿ ಇದ್ದದ್ದು ಒಂದೇ ಟೈಪ್-ಸಿ ಕಿಂಡಿ. ಮನೆಗೊಂದೇ ಬಾಗಿಲು, ಅತಿಥಿ ಒಳಗೆ ಬರಬೇಕಾದರೆ ಮನೆಯವನು ಹೊರಗೆ ಹೋಗಬೇಕು ಎಂಬಂತಹ ಸ್ಥಿತಿ.

ಏನೇನು ಕಳೆದುಕೊಂಡೆವು?

ಮೊದಲನೆಯದು ಬ್ಯಾಟರಿ. ಹಳೆಯ ಲ್ಯಾಪ್‌ಟಾಪುಗಳ ಬೆನ್ನಲ್ಲಿ ಎರಡು ಚಿಲಕಗಳಿದ್ದವು. ಸರಿಸಿದರೆ ಬ್ಯಾಟರಿ ಕೈಗೆ ಬರುತ್ತಿತ್ತು. ಅದರೊಳಗೆ ಇರುತ್ತಿದ್ದದ್ದು 18650 ಎಂಬ ಸಿಲಿಂಡರ್ ಆಕಾರದ ಸೆಲ್ಲುಗಳು. ಆ ಸಂಖ್ಯೆಯೇ ಅದರ ಅಳತೆ: 18 ಮಿ.ಮೀ. ವ್ಯಾಸ, 65 ಮಿ.ಮೀ. ಉದ್ದ. 18 ಮಿ.ಮೀ. ವ್ಯಾಸದ ಸೆಲ್ಲು 15 ಮಿ.ಮೀ. ದಪ್ಪದ ಯಂತ್ರದೊಳಗೆ ಕೂರುವುದಾದರೂ ಹೇಗೆ? ಆದ್ದರಿಂದ ಅದರ ಬದಲು ಚಪ್ಪಟೆ ಚೀಲದಂತಹ ಸೆಲ್ಲುಗಳು ಬಂದವು. ಅವುಗಳನ್ನು ಒಳಗೆ ಸ್ಕ್ರೂ ಹಾಕಿ ಕೂರಿಸುತ್ತಾರೆ, ಕೆಲವು ಕಂಪನಿಗಳು ಅಂಟು ಹಾಕಿ ಅಂಟಿಸಿಯೇ ಬಿಡುತ್ತವೆ.

ಇಲ್ಲಿ ನಮ್ಮ ಊರಿನ ಸಂಗತಿ ಬರುತ್ತದೆ. ಹೆಚ್ಚಿನ ಲ್ಯಾಪ್‌ಟಾಪುಗಳ ಕೈಪಿಡಿಯಲ್ಲಿ, ಸುತ್ತಲಿನ ಗಾಳಿಯ ಉಷ್ಣತೆ 35 ಡಿಗ್ರಿ ಮೀರದ ಕಡೆ ಬಳಸಿ ಎಂದು ಬರೆದಿರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಸೊಲ್ಲಾಪುರದ ಮಧ್ಯಾಹ್ನ 40 ಡಿಗ್ರಿ ದಾಟುವುದು ನಮಗೆಲ್ಲ ಮಾಮೂಲು. ಪತ್ರಾಸಿನ ಮನೆಯೊಳಗಂತೂ ಕೇಳುವುದೇ ಬೇಡ. ಲಿಥಿಯಂ ಬ್ಯಾಟರಿಗೆ ಬಿಸಿಯೇ ದೊಡ್ಡ ಶತ್ರು. ಬಿಸಿಯಲ್ಲಿ ಪೂರ್ತಿ ಚಾರ್ಜ್ ಆಗಿ ಕುಳಿತ ಬ್ಯಾಟರಿ ಬೇಗ ಮುಪ್ಪಾಗುತ್ತದೆ, ಕೆಲವು ಸಲ ಉಬ್ಬುತ್ತದೆ. ಅಂದರೆ ಬ್ಯಾಟರಿ ಬೇಗ ಸವೆಯುವ ಊರಿನಲ್ಲಿ, ಬ್ಯಾಟರಿ ಬದಲಿಸಲು ಕಷ್ಟವಾದ ಯಂತ್ರವನ್ನು ನಾವು ಹೆಚ್ಚು ಹಣ ಕೊಟ್ಟು ತರುತ್ತಿದ್ದೇವೆ.

ಎರಡನೆಯದು ತಂಪು. ಯಂತ್ರದೊಳಗಿನ ಬಿಸಿ ಹೊರಗೆ ಹೋಗಲು ಫ್ಯಾನು ಬೇಕು, ಗಾಳಿಗೆ ದಾರಿ ಬೇಕು. ಮೈ ತೆಳುವಾದಷ್ಟೂ ಫ್ಯಾನು ಚಿಕ್ಕದಾಗುತ್ತದೆ, ದಾರಿ ಇಕ್ಕಟ್ಟಾಗುತ್ತದೆ. ಬಿಸಿ ಮಿತಿಮೀರಿದಾಗ ಯಂತ್ರ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ ಪ್ರೊಸೆಸರ್ ವೇಗಕ್ಕೆ ನಾವು ಹಣ ಕೊಟ್ಟಿರುತ್ತೇವೆ. ಮೇ ತಿಂಗಳ ಮಧ್ಯಾಹ್ನ ಆ ವೇಗ ನಮಗೆ ಸಿಗುವುದೇ ಇಲ್ಲ. ಜೊತೆಗೆ ನಮ್ಮ ಮಕ್ಕಳು ಮಂಚದ ಮೇಲೆ, ಅದೇ ದಪ್ಪ ಚಾದರದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಾರೆ. ಅಡಿಭಾಗದ ಗಾಳಿಕಿಂಡಿ ಮುಚ್ಚಿಹೋಗುತ್ತದೆ. ಒಂದು ಮರದ ಮಣೆಯ ಮೇಲೆ ಇಡಲು ಹೇಳಿ, ಅರ್ಧ ತೊಂದರೆ ತಪ್ಪುತ್ತದೆ.

ಮೂರನೆಯದು ಕಿಂಡಿಗಳು. ಇಂಟರ್ನೆಟ್ ತಂತಿಯ ಕೊನೆಯ ಪ್ಲಗ್ಗಿಗೆ ಸಾಕಷ್ಟು ಎತ್ತರ ಬೇಕು. ಹಳೆಯ ಪ್ರೊಜೆಕ್ಟರಿನ ನೀಲಿ ಬಣ್ಣದ ವಿ.ಜಿ.ಎ. ಪ್ಲಗ್ಗಿಗೂ ಹಾಗೆಯೇ. ತೆಳುಮೈಯಲ್ಲಿ ಇವಕ್ಕೆ ಜಾಗವಿಲ್ಲ. ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರ ತಾಲೂಕುಗಳಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಮಾಧ್ಯಮದ ಶಾಲೆಗಳಿವೆ ಎಂಬುದು ನಮಗೆಲ್ಲ ಗೊತ್ತಿರುವುದೇ. 2015ರಲ್ಲಿ ಮಹಾರಾಷ್ಟ್ರ ಸರ್ಕಾರ 'ಪ್ರಗತ ಶೈಕ್ಷಣಿಕ ಮಹಾರಾಷ್ಟ್ರ' ಕಾರ್ಯಕ್ರಮ ಆರಂಭಿಸಿದ ಮೇಲೆ ರಾಜ್ಯದ ಅನೇಕ ಹಳ್ಳಿ ಶಾಲೆಗಳು ಊರವರ ವಂತಿಗೆಯಿಂದ ಪ್ರೊಜೆಕ್ಟರ್, ಪರದೆ ಕೊಂಡವು. ಈಗ ಶಿಕ್ಷಕರ ಹೊಸ ಲ್ಯಾಪ್‌ಟಾಪಿಗೂ ಶಾಲೆಯ ಹಳೆಯ ಪ್ರೊಜೆಕ್ಟರಿಗೂ ಮಾತುಕತೆಯೇ ಇಲ್ಲವೆಂದರೆ, ಆ ವಂತಿಗೆ ಗೋಡೆಗೆ ತೂಗುಹಾಕಿದ ಅಲಂಕಾರವಾದೀತು. ನಡುವೆ ಒಂದು ಡಾಂಗಲ್ ಕೊಂಡರೆ ಕೆಲಸವಾಗುತ್ತದೆ, ನಿಜ. ಆದರೆ ಆ ಡಾಂಗಲ್ ಪಾಠದ ದಿನ ಬೇರೆ ಚೀಲದಲ್ಲಿರುತ್ತದೆ. ಇದು ನಮ್ಮ ಸಭಾಂಗಣದಲ್ಲೂ ಎಷ್ಟೋ ಸಲ ಆಗಿದೆ.

ನಾಲ್ಕನೆಯದು ಕೀಲಿಮಣೆ. ಇದು ಕನ್ನಡ ಬರೆಯುವ ನಮ್ಮಂಥವರಿಗೆ ಹೆಚ್ಚು ಸಂಬಂಧಿಸಿದ್ದು. ನುಡಿ ತಂತ್ರಾಂಶದಲ್ಲಿ ಬಳಸುವ ಕೆ.ಪಿ. ರಾವ್ ವಿನ್ಯಾಸದಲ್ಲಿ 'ಸ್ತ್ರೀ' ಎಂಬ ಒಂದೇ ಅಕ್ಷರ ಮೂಡಿಸಲು ಆರು ಸಲ ಕೀಲಿ ಒತ್ತಬೇಕು, ಅದರಲ್ಲಿ ಒಮ್ಮೆ ಶಿಫ್ಟ್ ಹಿಡಿದು. ಒತ್ತಕ್ಷರಗಳೇ ತುಂಬಿದ ನಮ್ಮ ಭಾಷೆಯಲ್ಲಿ ಒಂದು ಪುಟ ಬರೆಯುವಷ್ಟರಲ್ಲಿ ಬೆರಳುಗಳಿಗೆ ಎಷ್ಟು ಕೆಲಸ! ಹಳೆಯ ಲ್ಯಾಪ್‌ಟಾಪುಗಳಲ್ಲಿ ಕೀಲಿ ಸುಮಾರು 2 ಮಿ.ಮೀ. ಕೆಳಗೆ ಇಳಿಯುತ್ತಿತ್ತು. ಒತ್ತಿದ್ದು ಬೆರಳಿಗೇ ತಿಳಿಯುತ್ತಿತ್ತು. ಈಗಿನ ತೆಳು ಯಂತ್ರಗಳಲ್ಲಿ ಅದು ಒಂದು ಮಿ.ಮೀ. ಆಸುಪಾಸಿಗೆ ಬಂದಿದೆ. ಬಂಡೆಯ ಮೇಲೆ ಬೆರಳು ಕುಟ್ಟಿದಂತೆ ಭಾಸವಾಗುತ್ತದೆ. ಯಾವ ಅಕ್ಷರ ಬಿತ್ತು, ಯಾವುದು ಬೀಳಲಿಲ್ಲ ಎಂದು ಪರದೆ ನೋಡಿಯೇ ತಿಳಿಯಬೇಕು.

ಐದನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಬೆಳೆಯಲು ಜಾಗ. ಹಿಂದೆ ಕಡಿಮೆ ರ‍್ಯಾಮ್ ಇದ್ದ ಯಂತ್ರವನ್ನು ಕೊಂಡು, ಎರಡು ವರ್ಷದ ಮೇಲೆ ಕೈಯಲ್ಲಿ ಹಣ ಕೂಡಿದಾಗ ಇನ್ನೊಂದು ಪಟ್ಟಿ ಸೇರಿಸಬಹುದಿತ್ತು. ಬಡವರು ಮನೆ ಕಟ್ಟುವುದೂ ಹೀಗೆಯೇ ಅಲ್ಲವೇ? ಮೊದಲು ಒಂದು ಕೋಣೆ, ಬೆಳೆ ಬಂದ ವರ್ಷ ಇನ್ನೊಂದು ಕೋಣೆ. ಈಗ ಬಹಳಷ್ಟು ತೆಳು ಯಂತ್ರಗಳಲ್ಲಿ ರ‍್ಯಾಮ್ ಬೋರ್ಡಿಗೆ ಬೆಸೆದೇ ಬರುತ್ತದೆ. ಕೊಂಡ ದಿನ ಎಷ್ಟಿತ್ತೋ ಸಾಯುವ ದಿನವೂ ಅಷ್ಟೇ.

ಒಂದು ಮನೆಯ ಲೆಕ್ಕ

ಇವೆಲ್ಲ ಬರೀ ತಾಂತ್ರಿಕ ಮಾತುಗಳಲ್ಲ ಎಂಬುದಕ್ಕೆ ನನಗೆ ಪರಿಚಯವಿರುವ ಒಂದು ಮನೆಯ ವಿಷಯ ಹೇಳುತ್ತೇನೆ. ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿ. ತಂದೆಗೆ ನಾಲ್ಕು ಎಕರೆ ಒಣಭೂಮಿ, ತೊಗರಿ ಮತ್ತು ಜೋಳ. ಮಗಳು ಸೊಲ್ಲಾಪುರದ ಒಂದು ಕಾಲೇಜಿನಲ್ಲಿ ಎಂಜಿನಿಯರಿಂಗ್ ಸೇರಿದಳು. ಆ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವಳೇ ಮೊದಲಿಗಳು. ಪತಸಂಸ್ಥೆಯಲ್ಲಿ ಸಾಲ ತೆಗೆದು 54,000 ರೂಪಾಯಿಯ ಲ್ಯಾಪ್‌ಟಾಪ್ ತಂದರು. ತಿಂಗಳಿಗೆ ಸುಮಾರು 1,800 ರೂಪಾಯಿಯಂತೆ 36 ಕಂತು. ಯಂತ್ರ ಬಹಳ ಚೆಂದವಿತ್ತು, ನೋಟ್‌ಬುಕ್ಕಿನಷ್ಟೇ ತೆಳ್ಳಗೆ.

ಎರಡು ಬೇಸಿಗೆ ಕಳೆಯಿತು. ಮೂರನೆಯ ವರ್ಷದ ಆರಂಭದಲ್ಲಿ ಬೆರಳಾಡಿಸುವ ಟಚ್‌ಪ್ಯಾಡ್ ಮೇಲಕ್ಕೆ ಎದ್ದು ಬಂತು. ಕೆಳಗಿದ್ದ ಬ್ಯಾಟರಿ ಉಬ್ಬಿತ್ತು. ಅದೇ ಹೊತ್ತಿಗೆ ಕಾಲೇಜಿನ ಪ್ರೊಜೆಕ್ಟಿಗೆ ಬೇಕಾದ ತಂತ್ರಾಂಶ 8 ಜಿ.ಬಿ. ರ‍್ಯಾಮಿನಲ್ಲಿ ತೆವಳತೊಡಗಿತು. ದುರಸ್ತಿ ಅಂಗಡಿಯ ಹುಡುಗ ಬಿಚ್ಚಿ ನೋಡಿ, "ರ‍್ಯಾಮ್ ಹಾಕಾಕ ಇದ್ರಾಗ ಜಾಗಾನ ಇಲ್ರಿ ಕಾಕಾ, ಬೋರ್ಡಿಗೇ ಬೆಸದಾರ. ಬೋರ್ಡ್ ಪೂರಾ ಬದಲ ಮಾಡ್ಬೇಕು" ಎಂದ. ಬೋರ್ಡಿಗೆ 31,000, ಬ್ಯಾಟರಿಗೆ ಬೇರೆ 6,500. ಆ ಬ್ಯಾಟರಿಯೂ ಪುಣೆಯಿಂದ ಬರಬೇಕು.

ಆ ತಂದೆ ನನಗೆ ಹೇಳಿದ ಮಾತು ಇದು: "ಫಾದರ್, ಸಾಲದ ಕಂತ ಇನ್ನಾ ಹನ್ನೊಂದ ಅದಾವ್ರಿ, ಮಿಷನ್ ಮಾತ್ರ ಮುಗದ ಹೋತು."

ಕೊನೆಗೆ ಅವರು ಏನು ಮಾಡಿದರು? ಒಂದು ಕಚೇರಿಯಿಂದ ಹೊರಬಂದ ಏಳು ವರ್ಷ ಹಳೆಯ, ದಪ್ಪನೆಯ, ಕಪ್ಪು ಲ್ಯಾಪ್‌ಟಾಪನ್ನು ಹೆಚ್ಚುವರಿ ರ‍್ಯಾಮ್ ಸೇರಿಸಿ 16,000 ರೂಪಾಯಿಗೆ ಕೊಂಡರು. ಮಗಳು ಅದರಲ್ಲೇ ಪ್ರೊಜೆಕ್ಟ್ ಮುಗಿಸಿದಳು. ಏಳು ವರ್ಷ ಹಳೆಯ ಯಂತ್ರ ಬದುಕಿತ್ತು, ಎರಡು ವರ್ಷದ್ದು ಮೂಲೆ ಸೇರಿತ್ತು. ಅದಕ್ಕೆ ಕಾರಣ ಹಳೆಯದರಲ್ಲಿ ಏನೋ ಮಾಯೆ ಇತ್ತೆಂದಲ್ಲ. ಅದನ್ನು ಬಿಚ್ಚಬಹುದಿತ್ತು, ಅಷ್ಟೇ.

ತೆಳುವು ಯಾರಿಗೆ ಬೇಕು?

ಹಾಗೆಂದು ಕಂಪನಿಗಳ ಎಂಜಿನಿಯರುಗಳನ್ನು ಬೈಯುತ್ತ ಕೂರುವುದು ನ್ಯಾಯವಲ್ಲ. ಬೆಸೆದ ರ‍್ಯಾಮಿನಿಂದ ಕೆಲವು ಲಾಭಗಳೂ ಇವೆ. ಅದು ಕಡಿಮೆ ವಿದ್ಯುತ್ ಬಳಸುತ್ತದೆ, ಪ್ರೊಸೆಸರಿಗೆ ಹತ್ತಿರವಿರುವುದರಿಂದ ವೇಗವಾಗಿ ಕೆಲಸ ಮಾಡುತ್ತದೆ. ಚಪ್ಪಟೆ ಬ್ಯಾಟರಿಯನ್ನು ಸಿಕ್ಕ ಸಂದಿಯಲ್ಲೆಲ್ಲ ಕೂರಿಸಬಹುದು. ದಿನವೂ ವಿಮಾನ ಹತ್ತಿಳಿಯುವ, ಎ.ಸಿ. ಕಚೇರಿಯಲ್ಲಿ ಕೂರುವ, ಮೂರು ವರ್ಷಕ್ಕೊಮ್ಮೆ ಕಂಪನಿಯೇ ಹೊಸ ಯಂತ್ರ ಕೊಡುವ ವ್ಯಕ್ತಿಗೆ ತೆಳು ಲ್ಯಾಪ್‌ಟಾಪ್ ನಿಜವಾಗಿಯೂ ಅನುಕೂಲ. ತೊಂದರೆ ಇರುವುದು ಆ ವ್ಯಕ್ತಿಗಾಗಿ ಮಾಡಿದ್ದನ್ನೇ ಎಲ್ಲರ ತಲೆಗೂ ಕಟ್ಟುವುದರಲ್ಲಿ.

"ಮಗಳು ಎಸ್.ಟಿ. ಬಸ್ಸಿನಲ್ಲಿ ನಿಂತುಕೊಂಡೇ ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ 40 ಕಿಲೋಮೀಟರ್ ಹೋಗುತ್ತಾಳೆ, ಹಗುರ ಇದ್ದರೆ ಒಳ್ಳೆಯದಲ್ಲವೇ?" ಎಂದು ತಾಯಿಯೊಬ್ಬರು ಕೇಳಿದರು. ಸರಿಯಾದ ಪ್ರಶ್ನೆ. ಆದರೆ ಹಗುರ ಬೇರೆ, ತೆಳು ಬೇರೆ. ಹೆಗಲಿಗೆ ತಿಳಿಯುವುದು ತೂಕ, ಕಣ್ಣಿಗೆ ಕಾಣುವುದು ದಪ್ಪ. ಒಂದೂವರೆ ಕೆ.ಜಿ.ಗೂ ಎರಡೂಕಾಲು ಕೆ.ಜಿ.ಗೂ ಇರುವ ವ್ಯತ್ಯಾಸ ಹೆಗಲಿಗೆ ಖಂಡಿತ ಗೊತ್ತಾಗುತ್ತದೆ. 16 ಮಿ.ಮೀ.ಗೂ 20 ಮಿ.ಮೀ.ಗೂ ಇರುವ ವ್ಯತ್ಯಾಸ ಚೀಲದೊಳಗೆ ಯಾರಿಗೂ ಗೊತ್ತಾಗುವುದಿಲ್ಲ. ಅದು ಗೊತ್ತಾಗುವುದು ಅಂಗಡಿಯ ಗಾಜಿನ ಕಪಾಟಿನಲ್ಲಿ ಮಾತ್ರ. ಆದ್ದರಿಂದ ತಕ್ಕಡಿಯ ಲೆಕ್ಕ ಕೇಳಿ, ಅಂಚಿನ ಲೆಕ್ಕಕ್ಕೆ ಮರುಳಾಗಬೇಡಿ.

ತೆಳುವಿನ ಬೆಲೆ ನಮ್ಮ ಭಾಗದ ಹೆಂಗಸರಿಗೆ ತಿಳಿಯದ್ದೇನೂ ಅಲ್ಲ. ಸೊಲ್ಲಾಪುರದ ಕಡಕ್ ಭಾಕರಿ, ನಮ್ಮ ಕಟಿ ರೊಟ್ಟಿ, ಎಷ್ಟು ತೆಳ್ಳಗಿರುತ್ತದೆ! ನೀರಿನಂಶ ಪೂರ್ತಿ ಆರಿ ವಾರಗಟ್ಟಲೆ ಕೆಡದೆ ಉಳಿಯಲಿ, ದೂರದ ಊರಿಗೆ ಬುತ್ತಿ ಕಟ್ಟಲು ಬರಲಿ ಎಂದು ಅದನ್ನು ಅಷ್ಟು ತೆಳ್ಳಗೆ ಬಡಿಯುತ್ತಾರೆ. ಅಲ್ಲಿ ತೆಳುವಿಗೆ ಒಂದು ಕಾರಣವಿದೆ, ಅದರಿಂದ ಬಾಳಿಕೆ ಹೆಚ್ಚುತ್ತದೆ. ಅದೇ ತಾಯಿ ಮನೆಯ ಮುದುಕರಿಗೆ ಮೆತ್ತನೆಯ ದಪ್ಪ ರೊಟ್ಟಿಯನ್ನೇ ಬಡಿದು ಕೊಡುತ್ತಾಳೆ. ಯಾರಿಗೆ ಏನು ಬೇಕು ಎಂದು ನೋಡಿ ದಪ್ಪ-ತೆಳುವು ತೀರ್ಮಾನಿಸುವ ಈ ಅಡುಗೆಮನೆಯ ಬುದ್ಧಿ ದೊಡ್ಡ ದೊಡ್ಡ ವಿನ್ಯಾಸಕಾರರಿಗೂ ಬೇಕಾಗಿದೆ.

ಬಳಸುವವನ ಊರನ್ನು ನೋಡಿ ಮಾಡಿದ ವಸ್ತುಗಳು ಇಲ್ಲವೆಂದಲ್ಲ. 2007ರಲ್ಲಿ 'ಮಗುವಿಗೊಂದು ಲ್ಯಾಪ್‌ಟಾಪ್' ಎಂಬ ಅಂತರರಾಷ್ಟ್ರೀಯ ಯೋಜನೆಯವರು ಹಸಿರು-ಬಿಳಿ ಬಣ್ಣದ ಒಂದು ಯಂತ್ರ ಮಾಡಿದರು. ಹಿಡಿಕೆ ಇತ್ತು, ಧೂಳು-ನೀರು ಹೋಗದ ರಬ್ಬರ್ ಕೀಲಿಮಣೆ ಇತ್ತು, ಬಿಸಿಲಿನಲ್ಲೂ ಓದಬಹುದಾದ ಪರದೆ ಇತ್ತು, ಬ್ಯಾಟರಿಯನ್ನು ಮಕ್ಕಳೇ ಬದಲಿಸಬಹುದಿತ್ತು. ಅದೇ ವರ್ಷ ನಮ್ಮ ಮಹಾರಾಷ್ಟ್ರದ ಖೈರಾಟ್ ಎಂಬ ಹಳ್ಳಿಯ ಶಾಲೆಯಲ್ಲಿ ಅದನ್ನು ಪ್ರಯೋಗಿಸಿದರು. ಯೋಜನೆ ಭಾರತದಲ್ಲಿ ಹರಡಲಿಲ್ಲ. ಆದರೆ ಮೊದಲು ಮಗುವನ್ನೂ ಅದರ ಅಂಗಳವನ್ನೂ ನೋಡಿ, ಆಮೇಲೆ ಯಂತ್ರದ ಆಕಾರ ನಿರ್ಧರಿಸಿದ ಆ ಕ್ರಮ ನೆನಪಿಡಬೇಕಾದದ್ದು.

ಇನ್ನೂ ಹತ್ತಿರದ ಉದಾಹರಣೆ ನಮ್ಮ ಜಿಲ್ಲೆಯದೇ. ಮಾಢಾ ತಾಲೂಕಿನ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಯ ಶಿಕ್ಷಕ ರಣಜಿತ್‌ಸಿಂಹ ಡಿಸಳೆ ಅವರಿಗೆ 2020ರಲ್ಲಿ 'ಗ್ಲೋಬಲ್ ಟೀಚರ್ ಪ್ರೈಜ್' ಬಂತು. ಹತ್ತು ಲಕ್ಷ ಡಾಲರ್ ಬಹುಮಾನದ ಅರ್ಧ ಭಾಗವನ್ನು ಅವರು ಅಂತಿಮ ಸುತ್ತಿನ ಉಳಿದ ಒಂಬತ್ತು ಶಿಕ್ಷಕರೊಂದಿಗೆ ಹಂಚಿಕೊಂಡರು. ಅವರ ಹೆಸರು ಜಗತ್ತಿಗೆ ತಿಳಿದದ್ದು ಪಠ್ಯಪುಸ್ತಕದಲ್ಲಿ ಅಚ್ಚಾದ ಕ್ಯೂ.ಆರ್. ಕೋಡಿನಿಂದ. ಕಾಗದದ ಮೇಲಿನ ಒಂದು ಕಪ್ಪು-ಬಿಳುಪು ಚೌಕ, ಅದನ್ನು ಓದಲು ಮನೆಯಲ್ಲಿರುವ ಒಂದು ಸಾದಾ ಮೊಬೈಲು. ಕೈಯಲ್ಲಿ ಇರುವುದಕ್ಕೆ ಹೊಂದಿಕೊಂಡದ್ದೇ ಅದರ ಗುಟ್ಟು.

ಗಾಳಿ ತಿರುಗುತ್ತಿದೆ

ಸಮಾಧಾನದ ಸಂಗತಿಯೆಂದರೆ, ತೆಳುವಿನ ಓಟವನ್ನು ಆರಂಭಿಸಿದವರೇ ಈಗ ಸ್ವಲ್ಪ ಹಿಂದಿರುಗಿ ನೋಡುತ್ತಿದ್ದಾರೆ. ಆಪಲ್ ಕಂಪನಿ 2015ರಲ್ಲಿ ತೆಳುಮೈಗಾಗಿ 'ಬಟರ್‌ಫ್ಲೈ' ಎಂಬ ಕೀಲಿಮಣೆ ತಂದಿತ್ತು. ಕೀಲಿ ಇಳಿಯುತ್ತಿದ್ದದ್ದು ಅರ್ಧ ಮಿ.ಮೀ. ಮಾತ್ರ. ಒಂದು ಚೂರು ಧೂಳು ಹೊಕ್ಕರೂ ಕೀಲಿ ಅಂಟಿಕೊಳ್ಳುತ್ತದೆ ಎಂಬ ದೂರುಗಳು ಬಂದವು. 2018ರಲ್ಲಿ ಕಂಪನಿ ಉಚಿತ ದುರಸ್ತಿ ಘೋಷಿಸಿತು. 2019ರಲ್ಲಿ ಹಳೆಯ ಬಗೆಯ ಕೀಲಿಮಣೆಗೆ ಮರಳಿತು. 2022ರಲ್ಲಿ ಅಮೆರಿಕದ ಗ್ರಾಹಕರು ಹೂಡಿದ ದಾವೆಯಲ್ಲಿ 5 ಕೋಟಿ ಡಾಲರ್ ಕೊಟ್ಟು ರಾಜಿಯಾಗಲು ಒಪ್ಪಿತು. ನಡುವೆ 2021ರಲ್ಲಿ ಅದೇ ಕಂಪನಿಯ ದೊಡ್ಡ ಮ್ಯಾಕ್‌ಬುಕ್ ಪ್ರೊ ಹಿಂದಿನದಕ್ಕಿಂತ ಸ್ವಲ್ಪ ದಪ್ಪವಾಗಿ, ತೂಕವಾಗಿ ಬಂತು. ಕಿತ್ತುಹಾಕಿದ್ದ ಎಚ್.ಡಿ.ಎಂ.ಐ. ಕಿಂಡಿ ಮತ್ತು ಕಾರ್ಡ್ ಹಾಕುವ ಕಿಂಡಿ ಮರಳಿ ಬಂದವು. ಬಳಸುವವರಲ್ಲಿ ಅನೇಕರು ಸಂತೋಷಪಟ್ಟರು.

ಅದೇ 2021ರಲ್ಲಿ ಅಮೆರಿಕದ ಫ್ರೇಮ್‌ವರ್ಕ್ ಎಂಬ ಹೊಸ ಕಂಪನಿ 16 ಮಿ.ಮೀ.ಗಿಂತ ತುಸು ಕಡಿಮೆ ದಪ್ಪದ ಲ್ಯಾಪ್‌ಟಾಪಿನಲ್ಲೇ ರ‍್ಯಾಮ್, ಬ್ಯಾಟರಿ, ಕಿಂಡಿಗಳು ಎಲ್ಲವನ್ನೂ ಬಳಕೆದಾರನೇ ಬದಲಿಸುವಂತೆ ಮಾಡಿ ತೋರಿಸಿತು. 2023ರ ಕೊನೆಯಲ್ಲಿ ಕಡಿಮೆ ವಿದ್ಯುತ್ತಿನ ರ‍್ಯಾಮನ್ನೂ ಬೆಸೆಯದೆ, ಸ್ಕ್ರೂ ಹಾಕಿ ಕೂರಿಸುವ 'ಕ್ಯಾಮ್-2' ಎಂಬ ಮಾನದಂಡ ಪ್ರಕಟವಾಯಿತು. ಅಂದರೆ "ತೆಳುವಾಗಬೇಕಾದರೆ ಬೇರೆ ದಾರಿಯೇ ಇಲ್ಲ" ಎಂಬ ಮಾತು ಪೂರ್ತಿ ನಿಜವಲ್ಲ. ಮನಸ್ಸಿದ್ದರೆ ಮಾರ್ಗ.

ಕಾನೂನುಗಳೂ ಬರುತ್ತಿವೆ. ಫ್ರಾನ್ಸ್ ದೇಶದಲ್ಲಿ 2021ರಿಂದ ಲ್ಯಾಪ್‌ಟಾಪಿನ ಮೇಲೆ, ಅದು ಎಷ್ಟು ಸುಲಭವಾಗಿ ದುರಸ್ತಿಯಾಗುತ್ತದೆ ಎಂದು ಹತ್ತಕ್ಕೆ ಇಷ್ಟು ಅಂಕವೆಂದು ಬರೆಯಬೇಕು. ಯುರೋಪಿಯನ್ ಒಕ್ಕೂಟದ 2023ರ ಬ್ಯಾಟರಿ ನಿಯಮದ ಪ್ರಕಾರ, 2027ರ ಫೆಬ್ರವರಿ 18ರಿಂದ ಅಲ್ಲಿ ಮಾರುವ ಉಪಕರಣಗಳ ಬ್ಯಾಟರಿಯನ್ನು ಬಳಕೆದಾರನೇ ತೆಗೆದು ಬದಲಿಸುವಂತಿರಬೇಕು. ನಮ್ಮ ಕೇಂದ್ರ ಸರ್ಕಾರವೂ 2022ರ ಡಿಸೆಂಬರಿನಲ್ಲಿ 'ರೈಟ್ ಟು ರಿಪೇರ್' ಜಾಲತಾಣ ಆರಂಭಿಸಿತು. ದುರಸ್ತಿ ಅಂಕದ ಬಗ್ಗೆ ನೇಮಿಸಿದ ಸಮಿತಿ 2025ರಲ್ಲಿ ವರದಿ ಕೊಟ್ಟಿದೆ. ವಿಶ್ವಸಂಸ್ಥೆಯ ವರದಿಯಂತೆ 2022ರಲ್ಲಿ ಜಗತ್ತು 6 ಕೋಟಿ 20 ಲಕ್ಷ ಟನ್ ಇ-ತ್ಯಾಜ್ಯವನ್ನು ಎಸೆಯಿತು. ಅದರಲ್ಲಿ ಲೆಕ್ಕಕ್ಕೆ ಸಿಕ್ಕು ಸರಿಯಾಗಿ ಮರುಬಳಕೆಯಾದದ್ದು ನಾಲ್ಕನೇ ಒಂದು ಭಾಗಕ್ಕಿಂತ ಕಡಿಮೆ. ದುರಸ್ತಿಯ ಮಾತು ನಮ್ಮ ಕಿಸೆಗಷ್ಟೇ ಸಂಬಂಧಿಸಿದ್ದಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಅಂಗಡಿಯಲ್ಲಿ ನಿಂತಾಗ

ಕಾನೂನು ಬರುವವರೆಗೆ ನಾವೇ ಎಚ್ಚರವಾಗಿರಬೇಕು. ಲ್ಯಾಪ್‌ಟಾಪ್ ಕೊಳ್ಳಲು ಹೋಗುವ ಮುಂಚೆ ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ನಾಚಿಕೊಳ್ಳಬೇಡಿ, ಹಣ ನಿಮ್ಮದು.

1. ರ‍್ಯಾಮ್ ಬೆಸೆದಿದೆಯೋ, ಸೇರಿಸಲು ಖಾಲಿ ಜಾಗ ಇದೆಯೋ? ಬೆಸೆದಿದ್ದರೆ, ನಾಲ್ಕು ವರ್ಷದ ಮೇಲೆ ಎಷ್ಟು ಬೇಕಾದೀತೋ ಅಷ್ಟನ್ನು ಇಂದೇ ಕೊಳ್ಳಬೇಕು.

2. ಬ್ಯಾಟರಿ ಸ್ಕ್ರೂನದೋ, ಅಂಟಿನದೋ? ಅದರ ಬೆಲೆ ಎಷ್ಟು? ಸೊಲ್ಲಾಪುರದಲ್ಲೇ ಸಿಗುತ್ತದೆಯೋ, ಪುಣೆಗೆ ಕಳುಹಿಸಬೇಕೋ?

3. ಸಾದಾ ಪೆನ್ ಡ್ರೈವ್ ಹಾಕುವ ಕಿಂಡಿ ಎಷ್ಟಿವೆ? ಪ್ರೊಜೆಕ್ಟರಿಗೆ ಎಚ್.ಡಿ.ಎಂ.ಐ. ಇದೆಯೋ?

4. ತೂಕ ಎಷ್ಟು? ಚಾರ್ಜರಿನ ತೂಕ ಸೇರಿಸಿ ಕೇಳಿ. ದಿನವೂ ಹೊರುವುದು ಎರಡನ್ನೂ ತಾನೇ!

5. ಕೀಲಿಮಣೆಯ ಮೇಲೆ ನಿಮ್ಮ ಹೆಸರು, ಊರಿನ ಹೆಸರು ನಾಲ್ಕು ಸಲ ಬರೆದು ನೋಡಿ. ಬರೆಯುವ ಮಗುವನ್ನೂ ಜೊತೆಗೆ ಕರೆದುಕೊಂಡು ಹೋಗಿ.

6. ವಾರಂಟಿ ಮುಗಿದ ಮೇಲೆ ಇದನ್ನು ಯಾರು ಬಿಚ್ಚುತ್ತಾರೆ? ಇದನ್ನು ಮಾರುವವನನ್ನು ಕೇಳುವುದಕ್ಕಿಂತ, ಕೊಳ್ಳುವ ಮುಂಚೆ ನಿಮ್ಮೂರಿನ ದುರಸ್ತಿಯವನನ್ನು ಕೇಳುವುದು ಉತ್ತಮ. ಯಾವುದು ಬಾಳುತ್ತದೆ ಎಂಬುದು ಅವನ ಮೇಜಿಗೆ ಗೊತ್ತು.

ಈಗಾಗಲೇ ತೆಳು ಯಂತ್ರ ಕೊಂಡಿದ್ದರೆ ಚಿಂತಿಸಬೇಡಿ, ಅದನ್ನು ಬಾಳಿಸುವ ದಾರಿಗಳಿವೆ. ಬಹಳಷ್ಟು ಹೊಸ ಲ್ಯಾಪ್‌ಟಾಪುಗಳಲ್ಲಿ ಚಾರ್ಜನ್ನು ಶೇ. 80ಕ್ಕೆ ನಿಲ್ಲಿಸುವ ಸೌಲಭ್ಯವಿರುತ್ತದೆ. ಮನೆಯಲ್ಲೇ ಹೆಚ್ಚು ಬಳಸುವವರು, ಅದರಲ್ಲೂ ಬೇಸಿಗೆಯಲ್ಲಿ, ಅದನ್ನು ಹಾಕಿಡಿ. ಬಿಸಿಲಿನಲ್ಲಿ ನಿಂತ ವಾಹನದೊಳಗೆ ಬಿಟ್ಟುಬರಬೇಡಿ. ವರ್ಷಕ್ಕೊಮ್ಮೆ ಫ್ಯಾನಿನ ಧೂಳು ತೆಗೆಸಿ. ಟಚ್‌ಪ್ಯಾಡ್ ಅಥವಾ ಅಡಿಭಾಗ ಉಬ್ಬಿದಂತೆ ಕಂಡರೆ ತಕ್ಷಣ ಚಾರ್ಜ್ ಮಾಡುವುದನ್ನು ನಿಲ್ಲಿಸಿ. ಉಬ್ಬಿದ ಬ್ಯಾಟರಿಯನ್ನು ಒತ್ತಬೇಡಿ, ಚುಚ್ಚಬೇಡಿ, ಕಸದ ಬುಟ್ಟಿಗೆ ಹಾಕಬೇಡಿ; ಬೆಂಕಿ ಹೊತ್ತಿಕೊಳ್ಳಬಹುದು. ತಿಳಿದವರಿಂದ ತೆಗೆಸಿ, ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಕೊಡಿ.

ಇನ್ನೊಂದು ಮಾತು. ಹೊಸದೇ ಬೇಕೆಂಬ ಹಟ ಬೇಡ. ಕಚೇರಿಗಳಿಂದ ಹೊರಬರುವ ಹಳೆಯ, ಗಟ್ಟಿಮುಟ್ಟಾದ ಲ್ಯಾಪ್‌ಟಾಪ್ ಅನೇಕ ವಿದ್ಯಾರ್ಥಿಗಳ ಕೆಲಸಕ್ಕೆ ಸಾಕಾಗುತ್ತದೆ. ಆದರೆ ಅದರಲ್ಲಿ ಯಾವ ವಿಂಡೋಸ್ ನಡೆಯುತ್ತದೆ ಎಂದು ಕೇಳಿ ಕೊಳ್ಳಿ. 2025ರ ಅಕ್ಟೋಬರಿಗೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ಹೊಸ ವಿಂಡೋಸ್ ಹಿಡಿಯದ ಯಂತ್ರದಲ್ಲಿ ಲಿನಕ್ಸ್ ಎಂಬ ಉಚಿತ ವ್ಯವಸ್ಥೆ ಹಾಕಿಸಬಹುದು. ಕನ್ನಡವೂ ಅದರಲ್ಲಿ ಚೆನ್ನಾಗಿ ಮೂಡುತ್ತದೆ.

ತಾಯಂದಿರೇ, ಮುಂದಿನ ಸಲ ಮಕ್ಕಳಿಗೆ ಲ್ಯಾಪ್‌ಟಾಪ್ ತರಲು ಮನೆಯವರು ಹೊರಟಾಗ ನೀವೂ ಜೊತೆಗೆ ಹೋಗಿ. "ನಮಗ ಅದರಾಗೇನ ತಿಳೀತದ" ಎಂದು ಹಿಂದೆ ಸರಿಯಬೇಡಿ. ಚಾದರ ಕೊಳ್ಳುವಾಗ ಕೇಳುವ ಹಾಗೆಯೇ ಕೇಳಿ: ಎಷ್ಟು ವರ್ಷ ಬರುತ್ತದೆ, ಹರಿದರೆ ಹೊಲಿಯಲು ಬರುತ್ತದೆಯೇ? ಉತ್ತರ ಸಿಗದಿದ್ದರೆ ಪಕ್ಕದ ಅಂಗಡಿಗೆ ಹೋಗಿ.